ಕೈ ತೊಳೆದು ಬಾ

ಪಾಪುವನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನವೇ ಅಮ್ಮ ಮಹಡಿಯ ಕೋಣೆಯ ಬಾಗಿಲಲ್ಲಿ ನೆಲಕ್ಕೆ ಕೆಂಪು ಟೇಪು ಅಂಟಿಸಿದಳು. ಈ ಗೋಡೆಯಿಂದ ಆ ಗೋಡೆಯವರೆಗೆ ಅಂಟಿಸಿ, ಎದ್ದು ಸೊಂಟ ನೀವಿಕೊಳ್ಳುತ್ತ ಹೇಳಿದಳು:

“ಕೈ ತೊಳೀದೆ, ಬಟ್ಟೆ ಬದಲಾಯಿಸ್ದೆ ಯಾರೂ ಇದನ್ನ ದಾಟ್ಬಾರ್ದು. ಯಾರೂ ಅಂದ್ರೆ ಯಾರೂ.”

ಯಾರೂ ಅನ್ನುವಾಗ ಅವಳ ಕಣ್ಣು ಮಗಳ ಮೇಲಿತ್ತು.

ಮಗಳಿಗೆ ಏಳು ವರ್ಷ. ಕೂತಲ್ಲಿ ಕೂರದೆ, ನಿಂತಲ್ಲಿ ನಿಲ್ಲದೆ ಸುತ್ತುವ ಹುಡುಗಿಯಾದ್ದರಿಂದ ಮನೆಯವರ ಬಾಯಲ್ಲಿ ಅವಳು ಗಿರಗಿಟ್ಲೆ. ತಿಂಗಳ ಹಿಂದೆ ಶಾಲೆಯಿಂದ ನೆಗಡಿ ಹೊತ್ತು ತಂದವಳು ಅವಳೇ. ಎಂಟು ತಿಂಗಳ ತಮ್ಮನ ಕೆನ್ನೆಗೆ ಲೊಚಕ್ಕನೆ ಮುತ್ತು ಕೊಟ್ಟವಳೂ ಅವಳೇ. ವಾರದೊಳಗೆ ಪಾಪುವಿನ ಎದೆ ಗೊರಗೊರ ಎಂದು, ಉಸಿರಾಡುವುದೇ ಕಷ್ಟವಾಗಿ, ಮೂಗಿಗೆ ನಳಿಕೆ ಹಾಕಿ ಮಲಗಿಸಬೇಕಾಯಿತು. “ಮನೇಲಿ ಯಾರಿಗಾದ್ರೂ ನೆಗಡಿ ಇತ್ತಾ?” ಎಂದು ಡಾಕ್ಟರು ಕೇಳಿದಾಗ ದೊಡ್ಡವರೆಲ್ಲ ಒಟ್ಟಿಗೆ ತಿರುಗಿ ಗಿರಗಿಟ್ಲೆಯನ್ನು ನೋಡಿದ್ದರು. ಅವಳು ಮೂಗು ಒರೆಸಿಕೊಂಡು ಅಪ್ಪನ ಬೆನ್ನ ಹಿಂದೆ ಸರಿದಿದ್ದಳು.

ಅಮ್ಮ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ ಹಚ್ಚಿ, ಕ್ರಿಮಿಗಳು ಅವಳಿಗೆ ಅಕ್ಕಪಕ್ಕದ ಮನೆಯವರಷ್ಟೇ ಪರಿಚಯ. ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಅವನ ಕಣ್ಣಿಗೆ ಬೀಳುವುದು ಎತ್ತರ, ಅಂಚು, ಸಡಿಲವಾದ ಬೋಲ್ಟು. ಅಮ್ಮ ಟೇಪು ಅಂಟಿಸಿದ ವಾರವೇ ಅವನು ಹಳೆಯ ಮಂಚದ ಪಟ್ಟಿಗಳನ್ನು ಕೊಯ್ದು ಮೆಟ್ಟಿಲ ತಲೆಗೆ ಒಂದು ಮರದ ಗೇಟು ಮಾಡಿ, ಎರಡು ಕೊಂಡಿಗೆ ಸಿಕ್ಕಿಸಿ ನಿಲ್ಲಿಸಿದ. ಪಾಪು ಆಗಷ್ಟೇ ಅಂಬೆಗಾಲಿಡಲು ಕಲಿತಿದ್ದ.

“ನಿನ್ನ ಕ್ರಿಮಿ ಮಗೂನ ಏನು ಮಾಡುತ್ತೋ ನಂಗೊತ್ತಿಲ್ಲ. ಈ ಮೆಟ್ಟಿಲು ಏನು ಮಾಡುತ್ತೆ ಅಂತ ಗೊತ್ತು,” ಎಂದ ಅಪ್ಪ, ಊಟಕ್ಕೆ ಕೂತಾಗ.

“ನಳಿಕೆ ಹಾಕಿ ಮಲಗಿಸಿದ್ದು ಮೆಟ್ಟಿಲಿಂದಲ್ಲ.”

“ಸರಿ, ನಿಂದು ನೀನು ಮಾಡು, ನಂದು ನಾನು ಮಾಡ್ತೀನಿ.”

“ನಿಮ್ಮ ಗೇಟನ್ನ ಎಲ್ಲರೂ ಮುಟ್ಟಿ ಮುಟ್ಟಿ ಬಿಡ್ತಾರೆ. ಪಾಪು ಅದನ್ನ ನೆಕ್ಕುತ್ತೆ. ಅದನ್ನ ತೊಳೆಯೋರು ಯಾರು?”

“ತೊಳಿ. ಯಾರು ಬೇಡ ಅಂದ್ರು? ತೊಳೆದು ಮತ್ತೆ ಸಿಕ್ಕಿಸು, ಅಷ್ಟೆ.”

ಹಾಗೆ ವಾರಕ್ಕೊಮ್ಮೆ ಗೇಟನ್ನು ಕಳಚಿ, ಹಿತ್ತಲಿಗೆ ಹೊತ್ತು, ಔಷಧದ ನೀರಿನಲ್ಲಿ ಉಜ್ಜಿ, ಬಿಸಿಲಿಗೆ ಒಣಗಿಸಿ ಮತ್ತೆ ಸಿಕ್ಕಿಸುವುದು ಅಮ್ಮನ ಕೆಲಸಗಳಲ್ಲಿ ಇನ್ನೊಂದಾಯಿತು.

ಪಾಪುವನ್ನು ನೋಡಿಕೊಳ್ಳಲು ಅಮ್ಮನ ತಾಯಿ ಬಂದಳು. ಕೆಳಗೆ ಚೀಲ ಇಟ್ಟವಳೇ ಮೆಟ್ಟಿಲು ಹತ್ತಿ, ಟೇಪು ದಾಟಿ, ಟವೆಲಿಗೆ ಕೈ ಒರೆಸಿಕೊಂಡು ಪಾಪುವನ್ನು ಎದೆಗೆ ಅವಚಿಕೊಂಡಳು. ಅಮ್ಮ ನಗುತ್ತ ನೋಡುತ್ತಿದ್ದಳು. ಟೇಪಿನ ಈಚೆ ಶಾಲೆಯ ಚೀಲ ಹೊತ್ತು ನಿಂತಿದ್ದ ಗಿರಗಿಟ್ಲೆ ಹೇಳಿದಳು:

“ಅಜ್ಜಿ ಕೈ ತೊಳೀಲಿಲ್ಲ.”

“ಅಜ್ಜಿ ಶಾಲೆಗೆ ಹೋಗಲ್ಲ ಕಣೆ,” ಎಂದಳು ಅಮ್ಮ.

“ಬಸ್ಸಲ್ಲಿ ಬಂದ್ರಲ್ಲ?”

“ದೊಡ್ಡೋರ ಮಾತಿಗೆಲ್ಲ ಬಾಯಿ ಹಾಕ್ಬೇಡ. ಹೋಗು, ಕೈ ತೊಳೆದು ಬಾ.”

ಅವಳು ಬಚ್ಚಲಿಗೆ ಹೋಗಿ ಮೊಣಕೈವರೆಗೆ ತೊಳೆದು, ಬಟ್ಟೆ ಬದಲಾಯಿಸಿ ಬರುವ ಹೊತ್ತಿಗೆ ಪಾಪು ಅಜ್ಜಿಯ ಹೆಗಲ ಮೇಲೆ ನಿದ್ದೆ ಹೋಗಿದ್ದ. “ಷ್,” ಎಂದಳು ಅಜ್ಜಿ.

ಸಂಜೆ ಅಪ್ಪ ಬಂದಾಗಲೂ ಅದೇ ಕಥೆ. ಅವನ ಸಮವಸ್ತ್ರಕ್ಕೆ ಗ್ರೀಸಿನ ವಾಸನೆ. ಸ್ನಾನವಾಗಿ, ಬಟ್ಟೆಯಾಗಿ, ಮೇಲೆ ಬಂದರೆ ಪಾಪು ಅಜ್ಜಿಯ ತೊಡೆಯ ಮೇಲೆ ಬಾಟಲಿ ಹೀರುತ್ತಿರುತ್ತಿದ್ದ. ಎರಡು ಕೈಯನ್ನೂ ಚಾಚಿ ನಿಂತರೆ, “ಕುಡಿದು ಮುಗಿಸ್ಲಿ, ಆಮೇಲೆ ಕೊಡ್ತೀನಿ,” ಎನ್ನುವಳು ಅಜ್ಜಿ.

“ನಿಮ್ಮಮ್ಮನ ಕೈ ಕಂಡ್ರೆ ಕ್ರಿಮಿಗಳು ಹೆದರಿ ಓಡ್ತಾವಾ?” ಎಂದು ಅಪ್ಪ ಒಂದು ದಿನ ಪಾತ್ರೆ ತೊಳೆಯುತ್ತಿದ್ದ ಹೆಂಡತಿಯನ್ನು ಕೇಳಿದ.

“ಅಮ್ಮನ ಬಗ್ಗೆ ಮಾತಾಡ್ಬೇಡಿ. ಇರೋ ಕೆಲಸ ಎಲ್ಲ ಬಿಟ್ಟು ಬಂದಿದ್ದಾರೆ.”

“ನಾನು ಮಾತಾಡ್ತಿಲ್ಲ. ನನ್ನ ಮಗನ್ನ ಎತ್ಕೊಳ್ಳೋಕೆ ನಾನು ಸರದಿಯಲ್ಲಿ ನಿಲ್ಬೇಕಾ ಅಂತ ಕೇಳ್ದೆ, ಅಷ್ಟೆ.”

ಗಿರಗಿಟ್ಲೆ ಅಲ್ಲೇ ಮೇಜಿನಡಿ ಕೂತು ಬ್ರೆಡ್ಡಿನ ಅಂಚು ಕಚ್ಚುತ್ತಿದ್ದಳು. “ನಿನ್ನ ಹಿಂದೆ ನಾನು, ಅಪ್ಪ,” ಎಂದಳು. ಅಪ್ಪನಿಗೆ ನಗು ಬಂತು. ಅಮ್ಮನಿಗೆ ಬರಲಿಲ್ಲ.

ಪಾಪು ಕೆಮ್ಮಿದರೆ ಅಮ್ಮ ಓಡಿ ಬಂದು, ಹಣೆಗೆ ಕೈಯಿಟ್ಟು, ಹೊದಿಕೆ ಸರಿಮಾಡಿ, ಪಕ್ಕದಲ್ಲೇ ಮಲಗುತ್ತಾಳೆ. ಇದನ್ನು ನೋಡಿ ನೋಡಿ ಗಿರಗಿಟ್ಲೆಗೂ ಒಂದು ಬೆಳಿಗ್ಗೆ ಕೆಮ್ಮು ಶುರುವಾಯಿತು. ಖೊಕ್ ಖೊಕ್ ಎಂದು ಕೆಮ್ಮಿ, “ಅಮ್ಮಾ, ಗಂಟಲು ನೋಯ್ತಿದೆ,” ಎಂದು ನರಳಿದಳು.

ಅಮ್ಮ ಬಂದಳು. ಬಂದವಳು ಹತ್ತಿರ ಬರಲಿಲ್ಲ. ಮಾಸ್ಕ್ ಹಾಕಿಕೊಂಡು ದೂರದಿಂದಲೇ ಥರ್ಮಾಮೀಟರು ಚಾಚಿದಳು. ಮಗಳ ಹಾಸಿಗೆ, ಲೋಟ, ತಟ್ಟೆ ಎಲ್ಲವೂ ಕೆಳಗಿನ ಸಣ್ಣ ಕೋಣೆಗೆ ಹೋದವು.

“ಎರಡು ದಿನ ಮೇಲೆ ಹತ್ತಬೇಡ ಚಿನ್ನ. ಅಪ್ಪ ಇಲ್ಲೇ ಮಲಗ್ತಾರೆ.”

“ಇಲ್ಲೇ ಕೂತ್ಕೊ ಅಮ್ಮ.”

“ನಾನು ಕೂತು ಆಮೇಲೆ ಅವನ ಹತ್ರ ಹೋಗೋದಾ? ಮತ್ತೆ ಅವನನ್ನ ಆಸ್ಪತ್ರೆಗೆ ಸೇರಿಸ್ಬೇಕಾ?”

ಅಮ್ಮನ ಹೆಜ್ಜೆಯ ಸಪ್ಪಳ ಮೆಟ್ಟಿಲು ಹತ್ತಿ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಗಿರಗಿಟ್ಲೆಯ ಕೆಮ್ಮು ನಿಂತಿತು. ಆದರೆ “ವಾಸಿಯಾಯ್ತು” ಎಂದು ಅವಳೆಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಪೂರಾ ಎರಡು ದಿನ ಅವಳು ಕೆಳಗೇ ಇದ್ದು, ತಲೆಯ ಮೇಲಿನ ಸೂರಿನಲ್ಲಿ ಅಜ್ಜಿ ಪಾಪುವನ್ನು ಕುಣಿಸುವ ಧಬ ಧಬ ಸದ್ದು ಕೇಳಿಸಿಕೊಂಡಳು.

ಅಮ್ಮ ಮತ್ತೆ ಲ್ಯಾಬಿಗೆ ಹೋಗತೊಡಗಿದ್ದು ಅದರ ಮುಂದಿನ ವಾರ. ಬೆಳಿಗ್ಗೆ ಮಾತ್ರ, ಅರ್ಧ ದಿನ. ಮೊದಲ ಮೂರು ನಾಲ್ಕು ದಿನ ಎಲ್ಲ ಸಲೀಸಾಗಿತ್ತು. ಆಮೇಲೆ ಒಂದು ಮಧ್ಯಾಹ್ನ ಅವಳು ಮನೆಗೆ ಬಂದು, ಸ್ನಾನ ಮಾಡಿ, ಟೇಪು ದಾಟಿ, “ಬಾ ಬಂಗಾರ,” ಎಂದು ಕೈಚಾಚಿದರೆ ಪಾಪು ಮುಖ ತಿರುಗಿಸಿ ಅಜ್ಜಿಯ ಕತ್ತಿಗೆ ಜೋತುಬಿದ್ದ. ಬಲವಂತವಾಗಿ ಎತ್ತಿಕೊಂಡರೆ ಮೈಯನ್ನು ಬಿಲ್ಲಿನ ಹಾಗೆ ಬಗ್ಗಿಸಿ ಅಳತೊಡಗಿದ.

“ನಿದ್ದೆಗಣ್ಣು ಕಣೆ, ಕೊಡು ಇಲ್ಲಿ,” ಎಂದಳು ಅಜ್ಜಿ. ಅಜ್ಜಿಯ ಕೈಗೆ ಹೋದದ್ದೇ ಅಳು ನಿಂತಿತು.

ಅಮ್ಮನ ಕಣ್ಣು ಅಜ್ಜಿಯ ಬೆರಳುಗಳ ಮೇಲೆ ನಿಂತಿತು.

“ಅಮ್ಮಾ, ಈರುಳ್ಳಿ ಹೆಚ್ಚಿದ ಮೇಲೆ ಕೈ ತೊಳ್ಕೊಂಡ್ಯಾ?”

“ತೊಳ್ಕೊಂಡೆ.”

“ಸೋಪು ಹಾಕಿ?”

“ಏನೇ ಇದು? ನಿನ್ನನ್ನ ಸಾಕಿದ್ದೂ ಇದೇ ಕೈ.”

“ಅವಾಗಿನ ಕಾಲ ಬೇರೆ. ಮತ್ತೆ ಆ ಟವೆಲಿಗೆ ಒರೆಸ್ಕೋಬೇಡ. ಅದಕ್ಕೆ ನೂರು ಜನ ಕೈ ಒರೆಸಿರ್ತಾರೆ. ಉಗುರು ನೋಡು, ಎಷ್ಟು ಬೆಳೆದಿದೆ.”

ಅಜ್ಜಿಯ ಮುಖ ಸಣ್ಣದಾಯಿತು. ಎದ್ದುಹೋಗಿ ಕೈ ತೊಳೆದು ಬಂದಳು. ಆ ಸಂಜೆ ಅಪ್ಪ ಊಟದ ಮೇಜಿನ ಮುಂದೆ ಸಿಳ್ಳೆ ಹಾಕುತ್ತ ಕೂತಿದ್ದ. ಅಜ್ಜಿ ಅವನ ತಟ್ಟೆಗೆ ಒಂದು ಮೊಟ್ಟೆ ಹೆಚ್ಚಿಗೆ ಹಾಕಿದಳು. ಬಂದ ದಿನದಿಂದ ಮಗಳ ಪಕ್ಷದಲ್ಲಿದ್ದವಳು ಅಂದಿನಿಂದ ಅಳಿಯನ ಪಕ್ಷಕ್ಕೆ ಸೇರಿದಳು.

ಒಂದು ಶುಕ್ರವಾರ ಪಕ್ಕದ ಮನೆಯ ಟೀಚರಮ್ಮ ಪಾಪುವನ್ನು ನೋಡಲು ಬಂದರು. ಪಾಪು ಗೇಟು ಹಿಡಿದು ನಿಂತು ಗಡಗಡ ಅಲುಗಿಸುತ್ತಿದ್ದ.

“ಗಟ್ಟಿಯಾಗಿದೆಯಲ್ಲ ಗೇಟು,” ಎಂದರು ಟೀಚರಮ್ಮ.

“ನಮ್ಮ ಅಳಿಯಂದಿರು ಮಾಡಿದ್ದು,” ಎಂದಳು ಅಜ್ಜಿ, ಒಳಗೆ ಬಾಟಲಿ ಕುದಿಸುತ್ತಿದ್ದ ಮಗಳಿಗೂ ಕೇಳುವಂತೆ. “ಇದಿಲ್ದಿದ್ರೆ ಈ ಪುಂಡ ಎಷ್ಟು ಸಲ ಉರುಳಿರ್ತಿದ್ನೋ. ಯಾರು ಎಷ್ಟು ತೊಳೆದ್ರೆ ಏನು, ಮಗೂನ ಕಾಯ್ತಿರೋದು ಇದೇ ನೋಡಿ.”

“ಅವರ ಕೆಲಸವೇ ಅದಲ್ವಾ? ಎಲ್ಲರಿಗೂ ಇಂಥ ಅಪ್ಪ ಸಿಗಲ್ಲ ಬಿಡಿ,” ಎಂದರು ಟೀಚರಮ್ಮ.

ಅಮ್ಮ ಇಕ್ಕಳದಲ್ಲಿ ಬಾಟಲಿ ಎತ್ತಿ ಬಟ್ಟೆಯ ಮೇಲೆ ಬೋರಲು ಹಾಕಿದಳು. ಬಿಸಿನೀರು ಸಿಡಿದು ಅವಳ ಮಣಿಕಟ್ಟು ಕೆಂಪಾಗಿತ್ತು. ಬಿಸಿನೀರು ಬೀಳುವುದು ಅವತ್ತೇ ಮೊದಲಲ್ಲ. ಅದನ್ನು ಯಾರೂ ಕೇಳಲಿಲ್ಲ.

ಮರುದಿನ ಶನಿವಾರ. ಅಮ್ಮನಿಗೆ ರಜೆ. ಬೆಳಿಗ್ಗೆ ತಿಂಡಿಯಾದ ಮೇಲೆ ಅವಳು ಗೇಟನ್ನು ಕಳಚಿ ಹಿತ್ತಲಿಗೆ ಹೊತ್ತುಕೊಂಡು ಹೋದಳು. ಬುಧವಾರವಷ್ಟೇ ಅದನ್ನು ತೊಳೆದಿದ್ದಳು.

ಅಪ್ಪ ಮಧ್ಯಾಹ್ನದ ಊಟಕ್ಕೆ ಬಂದ. ಟೇಪಿನ ಈಚೆಯಿಂದಲೇ ಮಗನನ್ನು ಒಂದು ಸಲ ನೋಡಿ ಹೋಗೋಣವೆಂದು ಮೆಟ್ಟಿಲು ಹತ್ತಿದವನು ಅರ್ಧದಲ್ಲೇ ನಿಂತ. ಮೇಲೆ ಎರಡು ಕೊಂಡಿಗಳು ಬರಿದಾಗಿದ್ದವು. ಅಜ್ಜಿ ಆಗಷ್ಟೇ ಪಾಪುವನ್ನು ಮಲಗಿಸಿ ಬಾಗಿಲು ಮುಂದೆಳೆದುಕೊಂಡು ಹೊರಬರುತ್ತಿದ್ದಳು.

“ಗೇಟೆಲ್ಲಿ ಅತ್ತೆ?”

“ಹಿತ್ತಲಲ್ಲಿ. ಒಣಗ್ತಿದೆಯಂತೆ.”

ಅಪ್ಪ ಬಂದ ಕಾಲಲ್ಲೇ ಇಳಿದು ಹಿತ್ತಲಿಗೆ ಹೋದ. ಅಜ್ಜಿಯೂ ಹಿಂದೆಯೇ ಹೋದಳು. ಗೇಟು ಗೋಡೆಗೆ ಒರಗಿತ್ತು. ಅಮ್ಮ ಬಟ್ಟೆ ಹಿಂಡುತ್ತಿದ್ದಳು.

“ಮೊನ್ನೆ ತಾನೇ ತೊಳೆದ್ಯಲ್ಲ?”

“ಮತ್ತೆ ಗಲೀಜಾಗಿತ್ತು.”

“ಮೂರು ದಿನದಲ್ಲಿ?”

“ನಿನ್ನೆ ಊರವರೆಲ್ಲ ಬಂದು ಮುಟ್ಟಿದ್ರು. ಪಾಪು ಮಲಗಿದ್ದಾನೆ, ಏಳೋದ್ರೊಳಗೆ ಹಾಕ್ತೀನಿ.”

“ಅವನು ನಿನ್ನ ಕೇಳಿ ಏಳ್ತಾನಾ?”

“ಟೀಚರಮ್ಮ ಒಂದು ಸಲ ಕೈ ಇಟ್ಟಿದ್ದಕ್ಕೆ ಊರವರೆಲ್ಲ ಅಂತೀಯಲ್ಲೆ,” ಎಂದಳು ಅಜ್ಜಿ.

“ನೀನು ಸುಮ್ನಿರಮ್ಮಾ. ನಿನ್ನ ಅಳಿಯನ್ನ ಹೊಗಳೋದು ಮುಗಿದಿದ್ರೆ ಒಳಗೆ ಹೋಗಿ ಅನ್ನ ಬಡಿಸು.”

“ಹೊಗಳಿದ್ರೆ ನಿಂಗೇನೇ ಉರಿ?”

“ಉರಿ ನಂಗಲ್ಲ, ಇವ್ರಿಗೆ. ನಾನು ಆಸ್ಪತ್ರೇಲಿ ಕಣ್ಣು ಮುಚ್ಚದೆ ಕೂತಿದ್ದು ಯಾರಿಗೂ ನೆನಪಿಲ್ಲ. ನಾಲ್ಕು ಪಟ್ಟಿಗೆ ಮೊಳೆ ಹೊಡೆದವರು ದೇವರಾಗಿಬಿಟ್ರು.”

“ಮೊಳೆ ಅಲ್ಲ, ಸ್ಕ್ರೂ,” ಎಂದ ಅಪ್ಪ.

ಆ ಹೊತ್ತಿಗೆ ಗಿರಗಿಟ್ಲೆ ಶಾಲೆಯಿಂದ ಬಂದಳು. ಶನಿವಾರ ಅರ್ಧ ದಿನ. ಮುಂಬಾಗಿಲು ತೆರೆದಿತ್ತು, ಜಗಳ ಹಿತ್ತಲಲ್ಲಿತ್ತು. ಅವಳು ಮೇಲೆ ಹತ್ತಿ, ಟೇಪಿನ ಈಚೆ ಗೋಡೆಗೊರಗಿ ಕೂತು ಕಾಲುಚೀಲ ಕಳಚತೊಡಗಿದಳು. ಮುಂದೆಳೆದಿದ್ದ ಬಾಗಿಲು ಮೆಲ್ಲಗೆ ಅಲುಗಿತು. ಸಂದಿಯಿಂದ ಪಾಪುವಿನ ತಲೆ ಬಂತು, ಆಮೇಲೆ ಮೈ ಬಂತು. ಅವನು ಟೇಪಿನ ಮೇಲೆ ಅಂಗೈ ಊರಿ, ಅಕ್ಕನನ್ನು ನೋಡಿ, ಎರಡು ಹಲ್ಲು ಬಿಟ್ಟು ನಕ್ಕ. ಕೆಳಗಿನಿಂದ ಅಮ್ಮನ ದನಿ ಕೇಳಿತು. ಪಾಪು ಆ ದನಿ ಬಂದ ಕಡೆಗೆ, ಮೆಟ್ಟಿಲ ಕಡೆಗೆ, ತಿರುಗಿದ.

ಗಿರಗಿಟ್ಲೆ ಎದ್ದು ನಿಂತಳು. ತನ್ನ ಕೈ ನೋಡಿಕೊಂಡಳು. ಶಾಲೆಯಲ್ಲಿ ಬಳಿದ ನೀಲಿ ಬಣ್ಣ, ಧೂಳು. ಅವಳು ಮಹಡಿಯ ಬಚ್ಚಲಿಗೆ ಹೋದಳು. ನಲ್ಲಿ ಬಿಟ್ಟ ಸದ್ದಾಯಿತು.

ಬಿದ್ದ ಸದ್ದು ಮೊದಲು ಕೇಳಿಸಿದ್ದು ಅಪ್ಪನಿಗೆ.

ಮೆಟ್ಟಿಲು ಅರ್ಧದಲ್ಲಿ ತಿರುಗುವ ಕಡೆ ಪಾಪು ಮಗುಚಿ ಬಿದ್ದಿದ್ದ. ಒಂದು ಗಳಿಗೆ ಸದ್ದಿಲ್ಲ, ಆಮೇಲೆ ಮನೆ ನಡುಗುವ ಅಳು. ಅಪ್ಪ ಗ್ರೀಸಿನ ಕೈಯಲ್ಲೇ ಎತ್ತಿಕೊಂಡ. ಅಮ್ಮ ಒದ್ದೆ ಕೈಯಲ್ಲೇ ಕಸಿದುಕೊಂಡಳು. ಅಜ್ಜಿ ಅನ್ನದ ಕುಕ್ಕರು ಆರಿಸಿದಳೋ ಇಲ್ಲವೋ ಗೊತ್ತಿಲ್ಲ, ಎಲ್ಲರೂ ಆಟೋ ಹತ್ತಿದರು.

ಎಕ್ಸ್‌ರೇ ತೆಗೆದರು. ತಲೆಗೆ ಏನೂ ಆಗಿರಲಿಲ್ಲ. ಕತ್ತಿನ ಬುಡದಿಂದ ಹೆಗಲಿಗೆ ಹೋಗುವ ಎಲುಬು ಬಿರುಕು ಬಿಟ್ಟಿತ್ತು. ಎಳೆಯ ಎಲುಬು, ಬೇಗ ಕೂಡಿಕೊಳ್ಳುತ್ತದೆ ಎಂದು ಡಾಕ್ಟರು ಆ ಕಡೆಯ ಕೈಯನ್ನು ಎದೆಗೆ ಸೇರಿಸಿ ಮೆತ್ತನೆಯ ಬಟ್ಟೆ ಸುತ್ತಿದರು. ಹೊರಗಿನ ಬೆಂಚಿನ ಮೇಲೆ ಕೂತಾಗ ಎಲ್ಲರಿಗೂ ಮಾತು ಬಂತು.

“ನೂರು ಸಲ ಹೇಳಿದ್ದೆ,” ಎಂದ ಅಪ್ಪ.

“ನೀವು ಜಗಳಕ್ಕೆ ಬರದೆ ಅದನ್ನ ಎತ್ಕೊಂಡು ಹೋಗಿ ಸಿಕ್ಕಿಸಿದ್ರೆ ಆಗ್ತಿತ್ತು,” ಎಂದಳು ಅಮ್ಮ.

“ನಾನಾದ್ರೂ ಮೇಲೇ ಇರ್ಬೇಕಿತ್ತು,” ಎಂದಳು ಅಜ್ಜಿ. ಅದನ್ನು ಯಾರೂ ಅಲ್ಲಗಳೆಯಲಿಲ್ಲ.

ಆಗ ಅಮ್ಮನಿಗೆ ಹೊಳೆಯಿತು. ಬೆಂಚಿನ ತುದಿಯಲ್ಲಿ ಬರಿಗಾಲಲ್ಲಿ ಕೂತಿದ್ದ ಮಗಳ ಕಡೆ ತಿರುಗಿದಳು.

“ನೀನು ಮೇಲೇ ಇದ್ಯಾ?”

ಹುಡುಗಿ ಹೌದೆಂದು ತಲೆಯಾಡಿಸಿದಳು.

“ನೋಡಿದ್ಯಾ ಅವನು ಬಂದಿದ್ದು?”

“ಹೂಂ.”

“ಮತ್ಯಾಕೆ ಹಿಡ್ಕೊಳ್ಲಿಲ್ಲ?”

“ಕೈ ತೊಳೆದಿರ್ಲಿಲ್ಲ.”

ಅವಳು ಎರಡು ಕೈಯನ್ನೂ ಮುಂದೆ ಚಾಚಿ ತೋರಿಸಿದಳು. ಬೆರಳ ಸಂದಿಯಲ್ಲೆಲ್ಲ ಸೋಪು ಹಾಗೇ ಒಣಗಿ ಬೆಳ್ಳಗೆ ಪದರ ಕಟ್ಟಿತ್ತು. ಅಪ್ಪ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಅಮ್ಮ ಆ ಕೈಗಳನ್ನು ನೋಡುತ್ತಲೇ ಇದ್ದಳು, ಹಿಡಿದುಕೊಳ್ಳಲಿಲ್ಲ.

ಮನೆಗೆ ಬಂದ ಮೇಲೆ ಅಪ್ಪ ಸ್ಕ್ರೂಡ್ರೈವರಿನಿಂದ ಟೇಪನ್ನು ಕೆರೆದು ತೆಗೆದ. ಅಮ್ಮ ಬೇಡವೆನ್ನಲಿಲ್ಲ. ಗೇಟನ್ನು ಕಳಚಲಾಗದ ಹಾಗೆ ಕೀಲು ಹಾಕಿ ಕೂರಿಸಿದ. ಅಮ್ಮ ಅದನ್ನು ಇದ್ದಲ್ಲೇ ಒರೆಸುತ್ತಿದ್ದಳು. ಬಾಟಲಿ ಕುದಿಸುವುದನ್ನು ಬಿಡಲಿಲ್ಲ. ಹೊರಗಿನಿಂದ ಬಂದವರು ಕೈ ತೊಳೆಯಬೇಕೆಂಬುದನ್ನೂ ಬಿಡಲಿಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳುವುದನ್ನು ಬಿಟ್ಟಳು. ಈಗ ಅಪ್ಪನೇ ಅಂಗಳದ ನಲ್ಲಿಯಲ್ಲಿ ಕೈಕಾಲು ತೊಳೆದು ಒಳಗೆ ಬರುತ್ತಿದ್ದ.

ಅಜ್ಜಿ ಊರಿಗೆ ಹೊರಟಳು.

“ಇನ್ನೂ ಸ್ವಲ್ಪ ದಿನ ಇರಮ್ಮಾ,” ಎಂದಳು ಅಮ್ಮ ಚೀಲದ ಜಿಪ್ಪು ಎಳೆಯುತ್ತ.

“ಇದ್ರೆ ಅವನು ನನ್ನನ್ನೇ ಹಚ್ಕೊಳ್ತಾನೆ. ನಿಂಗೆ ಅದು ಸೇರಲ್ಲ. ಸೇರದಿರೋದೂ ಸರಿಯೇ, ನೀನು ಹೆತ್ತೋಳು.” ಅಜ್ಜಿ ಮಗಳ ಕೆಂಪು ಮಣಿಕಟ್ಟನ್ನು ತಿರುಗಿಸಿ ನೋಡಿದಳು. “ಇದಕ್ಕೇನಾದ್ರೂ ಹಚ್ಕೊ. ಮತ್ತೆ ಆ ಇನ್ನೊಂದರ ಕಡೆ ಸ್ವಲ್ಪ ನೋಡು. ಅದು ಮಾತಾಡೋದನ್ನೇ ಬಿಟ್ಟಿದೆ.”

ಇನ್ನೊಂದು ನಿಜಕ್ಕೂ ಮಾತು ಬಿಟ್ಟಿತ್ತು. ಗಿರಗಿಟ್ಲೆ ಸುತ್ತುವುದನ್ನೂ ಬಿಟ್ಟಿದ್ದಳು. ಕೂತಲ್ಲೇ ಕೂರುತ್ತಿದ್ದಳು. ಪಾಪು ಅವಳ ಕಡೆ ತೆವಳಿದರೆ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದಳು.

“ಎತ್ಕೊಳ್ಳೇ, ಏನೂ ಆಗಲ್ಲ,” ಎನ್ನುವನು ಅಪ್ಪ.

“ಬೇಡ.”

“ಕೈ ತೊಳೀದಿದ್ರೂ ಪರವಾಗಿಲ್ಲ.”

“ಬೇಡ ಅಂದ್ನಲ್ಲ.”

ಒಂದು ಭಾನುವಾರ ಮಧ್ಯಾಹ್ನ ಅಪ್ಪ ಪಾಪುವನ್ನು ಎತ್ತಿಕೊಂಡು ಬೀದಿಯ ತುದಿಯವರೆಗೆ ಹೋಗಿದ್ದ. ಅಮ್ಮ ಮಹಡಿಯ ಕೋಣೆಯ ಕಿಟಕಿಯ ಬಿಸಿಲಲ್ಲಿ ಹಳೆಯ ಪತ್ರಿಕೆ ಹಾಸಿ ಮಗಳನ್ನು ಕೂರಿಸಿಕೊಂಡು ಉಗುರು ಕತ್ತರಿಸುತ್ತಿದ್ದಳು. ಪಾಪು ಹುಟ್ಟಿದ ಮೇಲೆ ಆ ಕೆಲಸ ಅಪ್ಪನ ಪಾಲಿಗೆ ಹೋಗಿತ್ತು. ಅವನು ಮೂಲೆ ಬಿಟ್ಟು ಕತ್ತರಿಸುತ್ತಿದ್ದ.

“ಅಮ್ಮಾ.”

“ಹೂಂ.”

“ನಾನು ನಿಧಾನಕ್ಕೆ ತೊಳೆದೆ.”

“ಏನನ್ನ?”

“ಕೈ. ಅವತ್ತು. ಬೇಗ ತೊಳೀಬಹುದಿತ್ತು. ಬೆರಳ ಸಂದಿ ಎಲ್ಲ ತೊಳೆದೆ. ಆಮೇಲೆ ಇನ್ನೊಂದು ಸಲ ಸೋಪು ಹಾಕ್ಕೊಂಡೆ.”

ಉಗುರು ಕತ್ತರಿಸುವ ಸದ್ದು ನಿಂತಿತು. ಹುಡುಗಿ ಅಮ್ಮನ ಮುಖ ನೋಡಲಿಲ್ಲ. ಪತ್ರಿಕೆಯ ಮೇಲೆ ಬಿದ್ದ ಚೂರುಗಳನ್ನು ಒಂದು ಕಡೆ ಗುಡ್ಡೆ ಮಾಡುತ್ತಿದ್ದಳು.

“ಯಾಕೆ?”

“ಬಿದ್ರೆ ಬೀಳ್ಲಿ ಅನ್ನಿಸ್ತು. ಸ್ವಲ್ಪ.” ಅವಳು ಗುಡ್ಡೆಯನ್ನು ಮತ್ತೆ ಕೆದಕಿದಳು. “ಮೂಳೆ ಮುರೀಲಿ ಅಂತಲ್ಲ. ಸುಮ್ನೆ ಬೀಳ್ಲಿ ಅಂತ.”

ಅಮ್ಮನ ಕೈ ಮಗಳ ಕೈಯನ್ನು ಹಿಡಿದೇ ಇತ್ತು. ಒಮ್ಮೆ ಅದು ಬಿಗಿಯಾಯಿತು, ಹುಡುಗಿಗೆ ನೋವಾಗುವಷ್ಟು. ಆಮೇಲೆ ಸಡಿಲವಾಯಿತು.

“ಗೇಟು ಗಲೀಜಾಗಿರ್ಲಿಲ್ಲ ಕಣೆ,” ಎಂದಳು.

“ಯಾವಾಗ?”

“ಅವತ್ತೇ. ಬುಧವಾರ ತೊಳೆದಿದ್ದೆ. ಚೆನ್ನಾಗೇ ಇತ್ತು.”

“ಮತ್ಯಾಕೆ ತೆಗ್ದೆ?”

“ಎಲ್ಲರೂ ಅಪ್ಪನ್ನ ಹೊಗಳ್ತಿದ್ರು. ಅಜ್ಜಿನೂ. ನನ್ನನ್ನ ಯಾರೂ ಕೇಳ್ತಿರ್ಲಿಲ್ಲ. ಅದಕ್ಕೇ, ಇರ್ಲಿ ಈ ಗೇಟು ಇವತ್ತು ಹಿತ್ತಲಲ್ಲೇ ಬಿದ್ದಿರ್ಲಿ ಅನ್ನಿಸ್ತು.”

ಗಿರಗಿಟ್ಲೆ ತಲೆಯೆತ್ತಿ ಅಮ್ಮನನ್ನು ನೋಡಿದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಹಾಗೆ ನೋಡಿದ್ದು ಅದೇ ಮೊದಲು.

“ನಿಂಗೂ ಹಾಗಾಗುತ್ತಾ?”

“ಆಗುತ್ತೆ.”

“ದೊಡ್ಡೋರಿಗೆ ಆಗುತ್ತಾ?”

“ಜಾಸ್ತಿನೇ ಆಗುತ್ತೆ. ಇನ್ನೊಂದು ಕೈ ಕೊಡು.”

ಅವಳು ಇನ್ನೊಂದು ಕೈ ಕೊಟ್ಟಳು. ಅಮ್ಮ ಕತ್ತರಿಸಲು ಹೋಗದೆ ಆ ಕೈಯನ್ನು ತನ್ನ ಕೆನ್ನೆಗೆ ಒತ್ತಿ ಹಿಡಿದಳು. ಅದರಲ್ಲಿ ಶೇಂಗಾ ಸಿಪ್ಪೆಯ ಧೂಳಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದೆ ಹುಡುಗಿ ಬಗ್ಗಿ ಇಣುಕಿದಳು. ಇಣುಕಿದ ರೀತಿಗೆ ಅಮ್ಮನಿಗೆ ನಗುವೇ ಬಂದುಬಿಟ್ಟಿತು. ಅದನ್ನು ಕಂಡು ಅವಳಿಗೂ ಬಂತು.

ಅಪ್ಪ ಪಾಪುವನ್ನು ಹೆಗಲಿಗೇರಿಸಿಕೊಂಡು ಮೇಲೆ ಬಂದಾಗ ತಾಯಿ ಮಗಳಿಬ್ಬರೂ ಒಬ್ಬರ ಮೇಲೊಬ್ಬರು ಒರಗಿ, ಕಣ್ಣೊರೆಸಿಕೊಂಡು ನಗುತ್ತಿದ್ದರು. ಅವನು ಬಾಗಿಲಲ್ಲೇ ನಿಂತ.

“ಏನದು? ನಮಗೂ ಹೇಳಿ.”

“ಏನಿಲ್ಲ,” ಎಂದಳು ಅಮ್ಮ.

“ಏನಿಲ್ಲ,” ಎಂದಳು ಮಗಳು.

“ನನ್ನ ಬಗ್ಗೆನಾ?”

ಇಬ್ಬರೂ ಮುಖ ಮುಖ ನೋಡಿಕೊಂಡು ಮತ್ತೆ ನಕ್ಕರು. ಪಾಪು ಅಪ್ಪನ ಹೆಗಲಿನಿಂದ ಬಾಗಿ, ಕಟ್ಟಿಲ್ಲದ ಕೈಯನ್ನು ಅಕ್ಕನ ಕಡೆಗೆ ಚಾಚಿ, ಕೆಳಗಿಳಿಸು ಎಂದು ಒದ್ದಾಡತೊಡಗಿದ. ಅಪ್ಪ ಒಳಗೆ ಒಂದು ಹೆಜ್ಜೆಯಿಟ್ಟ.

“ಅವನು ಬರ್ಲಿ,” ಎಂದಳು ಗಿರಗಿಟ್ಲೆ, ಎರಡು ಕೈಯನ್ನೂ ಚಾಚಿ. “ನೀನು ಬೇಡ ಅಪ್ಪ. ಇದು ನಮ್ಮದು.”

ಅಪ್ಪ ಬಗ್ಗಿ ಮಗನನ್ನು ಅವಳ ಮಡಿಲಿಗೆ ಕೊಟ್ಟ. ಪಾಪು ಅಕ್ಕನ ಮೂಗನ್ನು ಹಿಡಿದು ಬಾಯಿಗೆ ಹಾಕಿಕೊಂಡ. ಯಾರೂ ತಡೆಯಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಅಲ್ಲೇ ನಿಂತು ನೋಡಿದ, ಯಾರಾದರೂ ಕರೆದಾರೇನೋ ಎಂದು. ಆಮೇಲೆ ಖಾಲಿ ಕೈ ಬೀಸಿಕೊಂಡು, ಗೇಟು ತೆರೆದು ಮುಚ್ಚಿ, ತನ್ನ ಪಾಡಿಗೆ ಗೊಣಗಿಕೊಳ್ಳುತ್ತ ಮೆಟ್ಟಿಲಿಳಿದು ಹೋದ.